ಟೈ ರಾಡ್ ಎಂಡ್ ಮನ್ಯಾಗ ಬದಲಿ ಮಾಡಬಹುದೇನ್ರಿ? ಗ್ಯಾರೇಜಿನವ್ರು ಇಡೀ ರಾಕ್ ಅಂತಾರ

ನವನಗರ_ಸೆಕ್ಟರ್:
ಎಲ್ಲಾರಿಗೂ ಶರಣ್ರಿ. ನಂದು 2012ರ ವ್ಯಾಗನ್ ಆರ್, ಪೆಟ್ರೋಲ್, ಪವರ್ ಸ್ಟೇರಿಂಗ್ ಐತಿ. ಬಾಗಲಕೋಟಿಂದ ವಿಜಯಪುರಕ್ಕ ಕೆಲಸದ ಮ್ಯಾಲ ಓಡಾಟ ಜಾಸ್ತಿ. ಈಗ ಸ್ವಲ್ಪ ದಿನದಿಂದ ಸಣ್ಣ ತಗ್ಗಿನ್ಯಾಗ ಇಳಿದ್ರೂ ಸಾಕು, ಎಡಗಡೆ ಮುಂದಿನ ಗಾಲಿ ಹತ್ರ ಟಕ್ ಟಕ್ ಅಂತೈತಿ. ಕೊಲ್ಹಾರ ಸೇತುವೆ ಮ್ಯಾಲ ಗಾಡಿ ಅತ್ಲಾಗ ಇತ್ಲಾಗ ಅಲೀತೈತಿ, ಸ್ಟೇರಿಂಗ್ ತಿದ್ದಕೋತ ಹೋಗಬೇಕು. ಎಡ ಟಾಯರಿನ ಒಳ ಅಂಚು ಸವದೈತಿ.

ಗ್ಯಾರೇಜಿಗೆ ಒಯ್ದೆ. ಕೆಳಗ ಬಗ್ಗಿ ಸುದ್ದಾ ನೋಡಲಿಲ್ಲ, "ರಾಕ್ ಹೋಗೈತ್ರಿ, ಹೊಸಾದು ಹಾಕಬೇಕು" ಅಂತ ಐದಂಕಿ ರೊಕ್ಕ ಹೇಳಿದ್ರು. ರಾಕ್ ಅಂದ್ರ ಸ್ಟೇರಿಂಗ್ ತಿರುವಿದಾಗ ಎಡಕ್ಕ ಬಲಕ್ಕ ಸರಿಯೂ ಹಲ್ಲಿನ ದಂಡ. ನನಗ ನಂಬಿಕಿ ಬರಲಿಲ್ಲ. ಗೆಳೆಯಾ ಒಬ್ಬಾಂವ "ಬರೇ ಟೈ ರಾಡ್ ಎಂಡ್ ಇರಬೇಕು, ಮನ್ಯಾಗ ಹಾಕ್ಕೋ" ಅಂದ. ಅದು ರಾಕಿನಿಂದ ಬರೂ ರಾಡನ್ನ ಗಾಲಿ ಕಡೆ ಜೋಡಸೂ ಗುಂಡಿನ ಕೀಲು. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ನಾನ ಬದಲಿ ಮಾಡ್ಕೋತೀನಿ. ಸ್ಟೇರಿಂಗ್ ಕಡೆ ಇನ್ನೂ ಕೈ ಹಾಕಿಲ್ಲ. ಮಾಡಬಹುದೇನ್ರಿ? ಏನೇನು ಬೇಕಾಗತೈತಿ?

ಗುಮ್ಮಟದ_ಕಾಕಾ:
ಬ್ಯಾಡ ತಮ್ಮಾ. ಬ್ರೇಕು, ಸ್ಟೇರಿಂಗು ಎರಡೂ ಮನ್ಯಾಗ ಮುಟ್ಟಬಾರದು. ಇಂಜಿನ್ ಕೈಕೊಟ್ರ ರಸ್ತಾ ಬದಿಗಿ ನಿಲ್ತೀ. ಸ್ಟೇರಿಂಗ್ ಕೈಕೊಟ್ರ ಎದುರು ಬರೂ ಲಾರಿ ಕೆಳಗ ಹೋಗ್ತೀ. ನಂದು ಸರ್ವಿಸ್ ಎಲ್ಲಾ ಬಸ್ ಓಡಿಸೂದ್ರಾಗ ಮುಗದದ, ಕಣ್ಣಾರೆ ನೋಡೀನಿ. ಮಿಸ್ತ್ರಿಗಿ ಕೊಡು.

ಪಾನಾ_ಪಕ್ಕಡ್:
ಕಾಕಾ, ಯಾವ ಮಿಸ್ತ್ರಿಗಿ ಕೊಡಬೇಕ್ರಿ? ಬಗ್ಗಿ ನೋಡದ ರಾಕ್ ಅಂದಾನಲ್ಲ, ಅವಂಗೇನು?

ಸುಮ್ನ_ಓದಾಂವ:
ಕೊಲ್ಹಾರ ಸೇತುವೆ ಮ್ಯಾಲ ಎಲ್ಲಾರ ಗಾಡಿನೂ ಅಲೀತಾವ. ಗಾಳಿ ಹಂಗೈತಿ ಅಲ್ಲಿ.

ಪಾನಾ_ಪಕ್ಕಡ್:
ಗಾಳಿಗೆ ಟಾಯರ್ ಸವಿಯಂಗಿಲ್ಲಲ್ಲ ಅಣ್ಣಾ.

ಸೆಕ್ಟರ್ ಅವರ, ಸಾಮಾನು ತರೂಕಿಂತ ಮೊದಲು ಯಾವುದು ಹೋಗೈತಿ ಅಂತ ಖಾತ್ರಿ ಮಾಡ್ಕೋರಿ. ಎಡ ಮುಂದಿನ ಗಾಲಿ ಜ್ಯಾಕ್ ಹಚ್ಚಿ ಎತ್ತರಿ, ಕೆಳಗ ಸ್ಟ್ಯಾಂಡ್ ಕೊಡ್ರಿ. ಗಡಿಯಾರದಾಗ 9 ಮತ್ತ 3 ಇರ್ತಾವಲ್ಲ, ಆ ಜಾಗಾದಾಗ ಎರಡೂ ಕೈ ಇಟ್ಟು ಗಾಲಿ ಹಿಂದಮುಂದ ಅಲಗಾಡಸ್ರಿ. ಆಟ ಬಂತಂದ್ರ ಸ್ಟೇರಿಂಗ್ ಕಡೆ ದೋಷ. ಇನ್ನೊಬ್ಬರಿಗೆ ಅಲಗಾಡಸಾಕ ಹಚ್ಚಿ ನೀವು ಬ್ಯಾಟರಿ ಹಿಡಿದು ಒಳಗ ನೋಡ್ರಿ. ಹೊರಗಿನ ಟೈ ರಾಡ್ ಎಂಡ್ ಗುಂಡಿನ ಹತ್ರ ಕುಣೀತಿದ್ರ ಅದ ಹೋಗೈತಿ. ಅದು ಗಟ್ಟಿ ನಿಂತು, ರಾಕಿನ ಮ್ಯಾಲಿನ ಮಡಿಕಿ ಮಡಿಕಿ ರಬ್ಬರ್ ಬೂಟ್ ಒಳಗ ಹೊರಗ ಆಗಾತಿದ್ರ ಒಳಗಿನ ರಾಕ್ ಎಂಡ್.

ಆಮ್ಯಾಲ 12 ಮತ್ತ 6ರ ಜಾಗಾ ಹಿಡಿದು ಅಲಗಾಡಸ್ರಿ. ಅಲ್ಲೂ ಆಟ ಇದ್ರ ಬೇರಿಂಗ್ ಇಲ್ಲಾ ಲೋವರ್ ಆರ್ಮಿನ (ಗಾಲಿ ಹಿಡಿದಿರೂ ಕೆಳಗಿನ ತೋಳು) ಬಾಲ್ ಜಾಯಿಂಟ್. ಎರಡರಾಗ ಯಾವುದು ಅಂತ ತಿಳೀಬೇಕಂದ್ರ ಒಬ್ಬರು ಬ್ರೇಕ್ ಒತ್ತಿ ಹಿಡೀರಿ. ಒತ್ತಿದಾಗ ಆಟ ನಿಂತ್ರ ಬೇರಿಂಗ್, ನಿಲ್ಲದಿದ್ರ ಬಾಲ್ ಜಾಯಿಂಟ್.

ಖಾನಾಪುರ_ರೋಡ್:
ಇದರ ಜೋಡಿ ಇನ್ನೊಂದು. ಗಾಡಿ ನಿಂತಲ್ಲೇ ಸ್ಟೇರಿಂಗ್ ಸ್ವಲ್ಪ ಎಡಕ್ಕ ಬಲಕ್ಕ ಆಡಿಸಿದಾಗ ಕಾಲ ಹತ್ರ ಪೆಡಲ್ ಕಡೆಯಿಂದ ಕಟ್ ಅಂತ ಸಪ್ಪಳ ಬಂದ್ರ ಅದು ಕಾಲಮ್ (ಸ್ಟೇರಿಂಗ್ ಚಕ್ರದಿಂದ ಕೆಳಗ ಇಳಿಯೂ ದಂಡ) ಕೆಳಗಿನ ಕ್ರಾಸ್ ಜಾಯಿಂಟ್. ಎಂಬತ್ತರ ವೇಗದಾಗ ಸ್ಟೇರಿಂಗ್ ನಡುಗಿದ್ರ ಮೊದಲು ಬ್ಯಾಲೆನ್ಸಿಂಗ್ ನೋಡ್ರಿ. ಜನ ಎಲ್ಲಾದಕ್ಕೂ ಟೈ ರಾಡ್ ಅಂತಾರ, ಬದಲಿ ಮಾಡ್ತಾರ, ಸಪ್ಪಳ ಅಲ್ಲೇ ಇರ್ತೈತಿ.

ಕಬ್ಬಿನ_ಟ್ರ್ಯಾಲಿ:
ಇಷ್ಟ್ಯಾಕ ಅಂಜಾತೀರಿ? ನಮ್ಮಪ್ಪ ಟ್ರ್ಯಾಕ್ಟರ್ ಟೈ ರಾಡ್ ಹೊಲದಾಗ ಕುಂತು ಬದಲಿ ಮಾಡ್ತಾನ. ಒಂದು ಹಾತೋಡಿ, ಎರಡು ಪಾನಾ. ರೊಟ್ಟಿ ಬುತ್ತಿ ಬಿಚ್ಚೂದ್ರೊಳಗ ಕೆಲಸ ಮುಗದಿರ್ತೈತಿ.

ಗುಮ್ಮಟದ_ಕಾಕಾ:
ನಿಮ್ಮಪ್ಪನ ಟ್ರ್ಯಾಕ್ಟರ್ ಸೊಂಡೂರಿಗಿ ನೂರರ ಸ್ಪೀಡಿನ್ಯಾಗ ಹೋಗ್ತದೇನು?

ಕಬ್ಬಿನ_ಟ್ರ್ಯಾಲಿ:
ಸೊಂಡೂರಿಗೆ ಯಾಕ ಹೋಗ್ತೈತಿ ಕಾಕಾ, ಫ್ಯಾಕ್ಟರಿಗೆ ಹೋಗ್ತೈತಿ. ಎರಡು ಟ್ರ್ಯಾಲಿ ಕಬ್ಬು ಹಿಂದ ಹೊತ್ತು. ಆ ಭಾರ ತಡೀಬೇಕಲ್ಲ ಸ್ಟೇರಿಂಗು.

ಸುಮ್ನ_ಓದಾಂವ:
ನಿಮ್ಮ ಎರಡು ಟ್ರ್ಯಾಲಿಯಿಂದನ ನಮ್ಮ ಟೈ ರಾಡ್ ಹೋಗ್ಯಾವು 😄

ಜಮಖಂಡಿ_ಎಕ್ಸ್‌ಪ್ರೆಸ್:
ಖರೇ ಮಾತು. ಹಂಗಾಮು ಸುರು ಆತಂದ್ರ ಮುಧೋಳ, ಜಮಖಂಡಿ, ಅಥಣಿ ಕಡೆ ರಸ್ತಾ ನೋಡಾಕ ಆಗೂದಿಲ್ಲ. ಗಾಲಿ ಹೋದ ಹೋದಲ್ಲಿ ಕಾಲುವಿ ಬಿದ್ದಿರ್ತೈತಿ. ರಾತ್ರಿ ಹಿಂದಿನ ಟ್ರ್ಯಾಲಿಗೆ ಒಂದು ಕೆಂಪು ದೀಪ ಸುದ್ದಾ ಇರೂದಿಲ್ಲ.

ಕಬ್ಬಿನ_ಟ್ರ್ಯಾಲಿ:
ನಮ್ಮದಕ್ಕ ರೇಡಿಯಂ ಹಚ್ಚೀವಿ. ಎಲ್ಲಾರನೂ ಒಂದ ತಕ್ಕಡ್ಯಾಗ ಹಾಕಬ್ಯಾಡ್ರಿ. ರಸ್ತಾ ಹಾಳಾಗೂದಕ್ಕ ನಾವಷ್ಟ ಕಾರಣ ಏನು? ಎರೆ ಮಣ್ಣಿನ ಮ್ಯಾಲ ರಸ್ತಾ ಮಾಡಿದ್ರ ಹಂಗ ಆಗೂದು. ಮಳಿ ಬಂದ್ರ ಉಬ್ಬತೈತಿ, ಬ್ಯಾಸಗ್ಯಾಗ ಬಿರೀತೈತಿ. ಕೆಳಗಿನ ಮಣ್ಣು ತಗದು ಗರಸು ಹಾಕಿ ಬಿಗಿ ಮಾಡದಿದ್ರ ಮ್ಯಾಲಿನ ಡಾಂಬರು ಏನು ಮಾಡೀತು?

ಖಾನಾಪುರ_ರೋಡ್:
ಅದು ಸರಿ ಐತಿ ನೋಡ್ರಿ. ಅದಕ್ಕ ನಮ್ಮ ಕಡೆ ರಸ್ತೆದಾಗ ತಗ್ಗಿಗಿಂತ ಅಲೆ ಅಲೆ ಜಾಸ್ತಿ. ಒಂದ ದೊಡ್ಡ ಹೊಡ್ತಕ್ಕ ಟೈ ರಾಡ್ ಹೋಗೂದು ಕಡಿಮಿ, ಸಣ್ಣ ಸಣ್ಣ ಕುಣಿತ ಸಾವಿರಗಟ್ಟಲೆ ಆಗಿ ಗುಂಡಿನ ಒಳಗಿನ ಪ್ಲಾಸ್ಟಿಕ್ ಬಟ್ಟಲಾ ಸವೀತೈತಿ. ಅದಕ್ಕಿಂತ ಮುಖ್ಯ, ಮ್ಯಾಲಿನ ಸಣ್ಣ ರಬ್ಬರ್ ಟೋಪಿ ಹರದ್ರ ಮುಗೀತು. ಎರೆ ಮಣ್ಣಿನ ಕೆಸರು ಒಳಗ ಹೋಗಿ ಗ್ರೀಸ್ ಜೋಡಿ ಕಲಸಿ ಗುಂಡು ತಿಕ್ಕಿ ತಿಕ್ಕಿ ಸಣ್ಣದು ಮಾಡತೈತಿ.

ನವನಗರ_ಸೆಕ್ಟರ್:
ನೋಡಿದೆ ರೀ. 9-3 ಹಿಡಿದಾಗ ಆಟ ಐತಿ. ತಮ್ಮಗ ಅಲಗಾಡಸಾಕ ಹಚ್ಚಿ ನಾ ಕೆಳಗ ನೋಡಿದೆ, ಹೊರಗಿನ ಎಂಡ್ ಕಣ್ಣಿಗೆ ಕಾಣೂ ಹಂಗ ಕುಣೀತೈತಿ. ಅಕ್ಕಾರ ಹೇಳಿದ ಹಂಗ ರಬ್ಬರ್ ಟೋಪಿ ಹರದು ಒಳಗ ಕರ್ರಗ ಕೆಸರು ತುಂಬೈತಿ. 12-6ರಾಗ ಏನೂ ಇಲ್ಲ. ರಾಕ್ ಬೂಟ್ ಸರಿ ಐತಿ, ಒಣಗೇ ಐತಿ.

ಪಾನಾ_ಪಕ್ಕಡ್:
ಹಂಗಿದ್ರ ರಾಕ್ ಯಾಕ ಬೇಕ್ರಿ? ಆ ಗಾಡಿಯ ಪವರ್ ಸ್ಟೇರಿಂಗ್ ಕರೆಂಟಿಂದು, ಮೋಟರ್ ಮ್ಯಾಲ ಕಾಲಮ್ಮಿನ್ಯಾಗ ಇರ್ತೈತಿ. ರಾಕಿನ್ಯಾಗ ಆಯಿಲ್ ಇಲ್ಲ, ಸೋರೂದು ಇಲ್ಲ.

ಈಗ ಕೆಲಸ ಹೇಳ್ತೀನಿ. ಸಮ ನೆಲದ ಮ್ಯಾಲ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳದು, ಮೊದಲನೇ ಗೇರಿನ್ಯಾಗ ಇಟ್ಟು, ಹಿಂದಿನ ಗಾಲಿಗೆ ಕಲ್ಲು ಕೊಡ್ರಿ. ಗಾಲಿ ನೆಲದ ಮ್ಯಾಲ ಇದ್ದಾಗನ ಗಾಲಿ ನಟ್ ಒಂದಿಷ್ಟು ಸಡ್ಲ ಮಾಡಿ ಆಮ್ಯಾಲ ಎತ್ತರಿ. ಗಾಲಿ ಬಿಚ್ಚಿದ ಮ್ಯಾಲ ಟೈ ರಾಡಿನ ಲಾಕ್ ನಟ್ಟಿಗೆ (ಎಂಡ್ ತಿರಗದಂಗ ಹಿಡಿಯೂದು), ಕೆಳಗಿನ ಕಿರೀಟ ನಟ್ಟಿಗೆ (ಗುಂಡಿನ ಸ್ಟಡ್, ಅಂದ್ರ ಮೊಳಿಯಂಥ ತುದಿ, ಹಿಡಿಯೂದು) ವೈರ್ ಬ್ರಷ್ ಹೊಡದು ಜಂಗಿನ ಎಣ್ಣಿ ಹಾಕ್ರಿ. ಆತುರ ಬ್ಯಾಡ, ಚಾ ಕುಡದು ಬರ್ರಿ. ಲಾಕ್ ನಟ್ ಒಂದು ಕಾಲು ಸುತ್ತು ಸಡ್ಲ ಮಾಡ್ರಿ, ಅದಕ್ಕಿಂತ ಹೆಚ್ಚು ಬ್ಯಾಡ, ಯಾಕಂದ್ರ ಹೊಸ ಎಂಡ್ ಎಲ್ಲಿ ಬಂದು ನಿಲ್ಲಬೇಕಂತ ಅದ ಗುರುತು. ಮ್ಯಾಲ ಬಣ್ಣದ್ದೊಂದು ಗೆರಿ ಎಳ್ಕೋರಿ. ಆಮ್ಯಾಲ ಕಿರೀಟ ನಟ್ಟಿನ ಸ್ಪ್ಲಿಟ್ ಪಿನ್ ಜಗ್ಗಿ ತಗೀರಿ, ನಟ್ ಪೂರ್ತಿ ತಗೀದ ತುದಿಗೆ ಬಿಡ್ರಿ, ಪುಲ್ಲರ್ (ಕಚ್ಚಿದ್ದನ್ನ ಒತ್ತಿ ಬಿಡಸೂ ಟೂಲ್) ಹಚ್ಚಿ ಎಂಡ್ ಬಿಡಸ್ರಿ. ಹಳೇದನ್ನ ತಿರುವಿ ತಗಿಯೂವಾಗ ಎಷ್ಟು ಸುತ್ತು ಅಂತ ಎಣಿಸಿ ಬರಕೋರಿ. ಹೊಸಾದು ಅಷ್ಟ ಸುತ್ತು ಒಳಗ. ಕಿರೀಟ ನಟ್ ಬಿಗಿ ಮಾಡಿ ಹೊಸ ಸ್ಪ್ಲಿಟ್ ಪಿನ್ ಹಾಕಿ ಕಾಲು ಮಡಸ್ರಿ. ಹಳೇ ಪಿನ್ ಮತ್ತ ಹಾಕಬ್ಯಾಡ್ರಿ, ಎರಡು ರೂಪಾಯಿ ಉಳಸಾಕ ಹೋಗಿ ಏನು ಮಾಡ್ತೀರಿ?

ಖಾನಾಪುರ_ರೋಡ್:
ಒಂದು ತಿದ್ದುಪಡಿ. ಸುತ್ತು ಎಣಿಸೂದಷ್ಟ ಸಾಲೂದಿಲ್ಲ. ಬ್ಯಾರೆ ಕಂಪನಿ ಸಾಮಾನು ತಂದ್ರ ಉದ್ದ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇರ್ತೈತಿ. ಹಳೇದು ಬಿಚ್ಚೂಕಿಂತ ಮೊದಲ ಗುಂಡಿನ ನಡುವಿಂದ ಲಾಕ್ ನಟ್ ತನಕ ಎಷ್ಟೈತಿ ಅಂತ ಅಳೀರಿ. ಹೊಸಾದು ಹಾಕಿದ ಮ್ಯಾಲ ಅಷ್ಟ ಬರಬೇಕು. ಅಳತಿಗೂ ಸುತ್ತಿಗೂ ಜಗಳ ಬಂದ್ರ ಅಳತಿ ನಂಬ್ರಿ.

ಇನ್ನೊಂದು: ಕಿರೀಟ ನಟ್ ಬಿಗಿ ಆದ ಮ್ಯಾಲ ಪಿನ್ನಿನ ತೂತು ಕೂಡಲಿಲ್ಲಂದ್ರ ಇನ್ನೊಂದೀಟು ಮುಂದಕ್ಕ ಬಿಗಿ ಮಾಡಿ ಕೂಡಸ್ರಿ. ಹಿಂದಕ್ಕ ಸಡ್ಲ ಮಾಡಿ ಕೂಡಸೂದು ತಪ್ಪು. ಟಾರ್ಕ್ ರೆಂಚ್ (ಬಿಗಿ ಅಳಿಯೂ ಪಾನಾ) ಇದ್ರ ಇಂಥ ಸಣ್ಣ ಗಾಡಿಗೆ 40 ನ್ಯೂಟನ್ ಮೀಟರಿನ ಆಸುಪಾಸು ಇರ್ತೈತಿ, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಾಗ ಇರೂ ಅಂಕಿನ ಕಡೀ ಮಾತು. ಪಾನಾಕ್ಕ ಪೈಪ್ ಹಾಕಿ ಜಗ್ಗಬ್ಯಾಡ್ರಿ.

ಜಮಖಂಡಿ_ಎಕ್ಸ್‌ಪ್ರೆಸ್:
ಪುಲ್ಲರ್ ಯಾಕ? ಕೆಳಗಿಂದ ಹಾತೋಡಿಲೆ ಎರಡು ಹೊಡ್ತ ಕೊಟ್ರ ಬರ್ತೈತಿ. ಎಲ್ಲಾ ಗ್ಯಾರೇಜಿನ್ಯಾಗ ಹಂಗ ಮಾಡೂದು.

ಉದ್ಯಮಬಾಗ_ಲೇಥ್:
ಹೊಡೀಬಹುದು, ಆದ್ರ ಎಲ್ಲಿ ಹೊಡೀಬೇಕಂತ ಗೊತ್ತಿರಬೇಕು. ಸ್ಟಡ್ಡಿನ ತುದಿಗೆ ಹೊಡದ್ರ ಆಟಿ (ಥ್ರೆಡ್) ಜಜ್ಜಿ ಹೋಗತೈತಿ, ನಟ್ ಹೊರಗ ಬರೂದಿಲ್ಲ, ಅಲ್ಲಿಗೆ ಕತಿ ಮುಗೀತು. ಅದು ಟೇಪರ್ ಫಿಟ್ಟಿಂಗ್. ಕೆಳಗ ಸಣ್ಣದು ಮ್ಯಾಲ ದೊಡ್ಡದು, ನಟ್ ಜಗ್ಗಿದ ಹಂಗ ಒಳಗ ಕಚ್ಚಿ ಕುಂತಿರ್ತೈತಿ. ಅದನ್ನ ಬಿಡಸಾಕ ನಕಲ್ಲಿನ (ಗಾಲಿ ಹಿಡಿದಿರೂ ಕಬ್ಬಿಣದ ಭಾಗ) ತೋಳಿನ ಕಣ್ಣಿನ ಬದಿಗೆ, ಅಂದ್ರ ಸ್ಟಡ್ ಕುಂತಿರೂ ತೂತಿನ ಹೊರಗಿನ ಗ್ವಾಡಿಗೆ, ಜೋರಾಗಿ ಒಂದೆರಡು ಏಟು. ಇನ್ನೊಂದು ಬದಿಗೆ ಭಾರದ ಹಾತೋಡಿ ಒತ್ತಿ ಹಿಡಿದ್ರ ಇನ್ನೂ ಚಲೋ. ಕಣ್ಣು ಕ್ಷಣಮಾತ್ರ ಅಗಲ ಆಗಿ ಟೇಪರ್ ತಾನ ಜಿಗೀತೈತಿ. ನಟ್ ತುದಿಯೊಳಗ ಇರಲಿ, ಇಲ್ಲಂದ್ರ ಜಿಗಿದು ಕೈಗೆ ಬಡೀತೈತಿ.

ಮತ್ತ ಒಂದು ಮಾತು, ಟೇಪರಿಗೆ ಗ್ರೀಸ್ ಹಚ್ಚಬ್ಯಾಡ್ರಿ. ಭಾಳ ಮಂದಿ ಹಚ್ತಾರ. ಅದು ಒಣಗಿ, ಸ್ವಚ್ಛ ಇರಬೇಕು, ಲೋಹ ಲೋಹಕ್ಕ ಕಚ್ಚಬೇಕು.

ಸುಮ್ನ_ಓದಾಂವ:
ಉದ್ಯಮಬಾಗ ಅಣ್ಣಾ, ನಮ್ಮೂರಾಗ ಒಬ್ಬಾಂವ ಸವದ ಎಂಡ್ ವೆಲ್ಡಿಂಗ್ ಮಾಡಿ ಗುಂಡು ಬಿಗಿ ಮಾಡಿ ಕೊಡ್ತಾನ. ನೂರೈವತ್ತು ರೂಪಾಯಿ. ನಡೀತೈತೇನು?

ಉದ್ಯಮಬಾಗ_ಲೇಥ್:
ಅಣ್ಣಾ, ನಾ ದಿನಾ ಲೇಥ್ ಮ್ಯಾಲ ನಿಲ್ಲಾಂವ, ನಮ್ಮ ಗಿರಾಕಿನೂ ಹಿಂಗ ಕೇಳ್ಕೊಂಡು ಬರ್ತಾರ. ನಾ ಮಾಡೂದಿಲ್ಲ. ಆ ಗುಂಡಿನ ಸ್ಟಡ್ ಫೋರ್ಜಿಂಗ್ ಮಾಡಿ ಕಾಸಿ ಹದಾ ಕೊಟ್ಟ ಉಕ್ಕು. ವೆಲ್ಡಿಂಗ್ ಬೆಂಕಿ ತಾಗಿದ ಜಾಗಾದಾಗ ಆ ಹದಾ ಹೋಗಿಬಿಡ್ತೈತಿ. ಒಂದು ಕಡೆ ಮೆತ್ತಗ, ಅದರ ಪಕ್ಕಾ ಗಾಜಿನಂಗ ಪೆಳಸು. ಒಳಗಿನ ಪ್ಲಾಸ್ಟಿಕ್ ಬಟ್ಟಲಾ ಕರಗಿ ಹೋಗಿರ್ತೈತಿ, ಗ್ರೀಸ್ ಸುಟ್ಟಿರ್ತೈತಿ. ಮ್ಯಾಲೆ ನೋಡಾಕ ಬಿಗಿ. ಒಂದು ದಿನ ಬಾಗೂದಿಲ್ಲ, ಎಚ್ಚರಿಕಿ ಕೊಡೂದಿಲ್ಲ, ಕಟ್ ಅಂತ ಮುರೀತೈತಿ. ನಾನೂರು ಐದನೂರಕ್ಕ ಹೊಸಾದು ಬರ್ತೈತಿ, ಯಾಕ ಬೇಕು?

ಗುಮ್ಮಟದ_ಕಾಕಾ:
ಈ ಹುಡುಗ ಹೇಳಿದ್ದು ಬಂಗಾರದಂಥಾ ಮಾತು. ಅದಕ್ಕ ನಾ ಅಂಜೂದು. ಮನ್ಯಾಗ ಮಾಡಾವ್ರಿಗಿ ಇದು ಯಾರು ಹೇಳ್ತಾರ?

ಖಾನಾಪುರ_ರೋಡ್:
ಇಲ್ಲೇ ಹೇಳಾತೀವಲ್ರಿ ಕಾಕಾ.

ಇಳಕಲ್_ಬೆಂಗಳೂರು:
ಬೆಳಗಾವಿ ಲೇಥಿನವರ ಮಾತು ಕೇಳಿ ಖುಷಿ ಆಯ್ತು. ಕಿರ್ಲೋಸ್ಕರ್ ಲಕ್ಷ್ಮಣರಾಯರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟದ್ದು 1888ರಲ್ಲಿ. ಆಮೇಲೆ ಕಬ್ಬಿಣದ ನೇಗಿಲು, ಪಂಪು. ಆ ಊರಿನ ಕೈಗೆ ಕಬ್ಬಿಣದ ಗುಣ ಗೊತ್ತು.

ಸುಮ್ನ_ಓದಾಂವ:
ಟೈ ರಾಡಿನಿಂದ 1888ಕ್ಕ ಹೋದ್ವಿ. ಇನ್ನ ಗೋಲಗುಮ್ಮಟ ಯಾರು ಕಟ್ಟಿಸಿದ್ರು ಅಂತ ಬರ್ತೈತಿ.

ಪಾನಾ_ಪಕ್ಕಡ್:
ಕುಂದಾ ಬಗ್ಗೆ ಯಾರೂ ಅಂದಿಲ್ಲ ಇನ್ನೂ, ಅದ ನನಗ ಆಶ್ಚರ್ಯ.

ನವನಗರ_ಸೆಕ್ಟರ್:
ನನ್ನ ಹತ್ರ ಗಾಡಿ ಜೋಡಿ ಬಂದ ಜ್ಯಾಕ್ ಅಷ್ಟ ಐತಿ. ಸ್ಟ್ಯಾಂಡ್ ಇಲ್ಲ. ಕೆಳಗ ಸಿಮೆಂಟ್ ಬ್ಲಾಕ್ ಇಟ್ರ ನಡೀತೈತೇನ್ರಿ? ಮನಿ ಕಟ್ಟೂವಾಗ ಉಳದಾವು.

ಉದ್ಯಮಬಾಗ_ಲೇಥ್:
ಬ್ಯಾಡ.

ಖಾನಾಪುರ_ರೋಡ್:
ಬ್ಯಾಡ್ರಿ! ಬ್ಲಾಕ್, ಇಟ್ಟಂಗಿ ಎರಡೂ ಒಂದು ಮೂಲಿ ಮ್ಯಾಲ ಭಾರ ಬಿದ್ರ ಒಮ್ಮೆಲೆ ಪುಡಿ ಆಗ್ತಾವು. ಆ ಸ್ಕ್ರೂ ಜ್ಯಾಕ್ ಇರೂದು ರಸ್ತಾದಾಗ ಸ್ಟೆಪ್ನಿ ಬದಲಿ ಮಾಡಾಕ ಅಷ್ಟ. ಹಾತೋಡಿ ಹೊಡಿಯೂ ಕೆಲಸ ಇದು, ಗಾಡಿ ಅಲಗ್ತೈತಿ. ಎರಡು ಸ್ಟ್ಯಾಂಡ್ ತಗೋರಿ, ಇಲ್ಲಾ ಯಾರ ಹತ್ರಾದ್ರೂ ಇಸಕೋರಿ. ಬಿಚ್ಚಿದ ಗಾಲಿನೂ ಗಾಡಿ ಅಂಚಿನ ಕೆಳಗ ಮಲಗಿಸಿ ಇಡ್ರಿ, ಏನಾರ ಜಾರಿದ್ರ ಅದರ ಮ್ಯಾಲ ಕುಂದ್ರತೈತಿ.

ಕಬ್ಬಿನ_ಟ್ರ್ಯಾಲಿ:
ಇದಕ್ಕ ನಾನೂ ಕೂಡ್ತೀನಿ. ಗಾಡಿ ಕೆಳಗ ಮಲಗೂ ಕೆಲಸದಾಗ ಜುಗಾಡ ಬ್ಯಾಡ.

ಜಮಖಂಡಿ_ಎಕ್ಸ್‌ಪ್ರೆಸ್:
ಸುತ್ತು ಎಣಿಸಿ ಹಾಕಿದ ಮ್ಯಾಲ ಅಲೈನ್ಮೆಂಟ್ ಬೇಕಾಗೂದಿಲ್ಲ ಅಂತ ನಾ ಹೇಳ್ತೀನಿ. ನಂದು ಹಂಗ ಹಾಕಿ ಓಡಸಾತೀನಿ, ಏನೂ ಆಗಿಲ್ಲ. ಸುಮ್ನ ಅಂಗಡಿಯವ್ರಿಗೆ ರೊಕ್ಕಾ.

ಅಲೈನ್ಮೆಂಟ್_ಅಂಗಡಿ:
ಅಂಗಡಿಯವ ಬಂದೆ ನೋಡ್ರಿ 🙏 ರೊಕ್ಕದ ಮಾತು ಬಿಡ್ರಿ, ಲೆಕ್ಕದ ಮಾತು ಆಡೋಣು. ಟೈ ರಾಡಿನ ಆಟಿ ಒಂದು ಸುತ್ತಿಗೆ ಸುಮಾರು ಒಂದೂಕಾಲು ಮಿಲಿಮೀಟರ್ ಸರೀತೈತಿ ಅಂತ ಇಟ್ಕೋರಿ. ಅದು ನಕಲ್ಲಿನ ತೋಳು ತಳ್ಳತೈತಿ, ತೋಳಿನ ಉದ್ದ ಅಂದಾಜು ಹನ್ನೆರಡೂವರೆ ಸೆಂಟಿಮೀಟರ್. ನಿಮ್ಮ ಟಾಯರಿನ ಅಡ್ಡಳತಿ 56 ಸೆಂಟಿಮೀಟರಿನ ಆಸುಪಾಸು. ತೋಳಿನ ತುದಿ ಒಂದೂಕಾಲು ಮಿಲಿಮೀಟರ್ ಸರದ್ರ ಟಾಯರಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಐದೂವರೆ ಮಿಲಿಮೀಟರ್ ಫರಕ್ ಬೀಳತೈತಿ. ಇಂಥ ಗಾಡಿಗೆ ಈ ಫರಕ್, ಅಂದ್ರ ಟೋ, ಇರಬೇಕಾದ್ದು ಸೊನ್ನೆಯಿಂದ ಒಂದೆರಡು ಮಿಲಿಮೀಟರ್ ಒಳಗ. ಅಂದ್ರ ಅರ್ಧಾ ಸುತ್ತು ತಪ್ಪಿದ್ರೂ ಟಾಯರ್ ರಸ್ತಾ ಮ್ಯಾಲ ಓರಿ ಎಳಕೋತ ಹೋಗತೈತಿ.

ಇನ್ನೂ ಒಂದು ಐತಿ. ಹಳೇ ಎಂಡ್ ಸವದಿತ್ತಲ್ಲ, ಅದರ ಆಟ ಸೇರಿಸಿ ಯಾರೋ ಹಿಂದ ಅಲೈನ್ಮೆಂಟ್ ಮಾಡಿರ್ತಾರ. ಹೊಸಾದು ಬಿಗಿ ಐತಿ. ಅದ ಉದ್ದಕ್ಕ ಹಾಕಿದ್ರೂ ಟೋ ಅದ ಬರಬೇಕಂತ ಏನಿಲ್ಲ.

ಜಮಖಂಡಿ_ಎಕ್ಸ್‌ಪ್ರೆಸ್:
ಲೆಕ್ಕಾ ಚಲೋ ಹೇಳಿದ್ರಿ, ಆದ್ರ ನನ್ನ ಟಾಯರ್ ಚಲೋನ ಐತಿ.

ಅಲೈನ್ಮೆಂಟ್_ಅಂಗಡಿ:
ಟಾಯರಿನ ಮ್ಯಾಲ ಅಂಗೈ ಇಟ್ಟು ಹೊರಗಿಂದ ಒಳಗ ಸವರ್ರಿ, ಆಮ್ಯಾಲ ಒಳಗಿಂದ ಹೊರಗ. ಒಂದು ಕಡೆ ನುಣ್ಣಗ, ಇನ್ನೊಂದು ಕಡೆ ಗರಗಸದ ಹಲ್ಲಿನಂಗ ತಾಗಿದ್ರ ಟೋ ತಪ್ಪೈತಿ. ಕಣ್ಣಿಗೆ ಕಾಣೂಕಿಂತ ಭಾಳ ಮೊದಲ ಕೈಗೆ ಗೊತ್ತಾಗತೈತಿ.

ಜಮಖಂಡಿ_ಎಕ್ಸ್‌ಪ್ರೆಸ್:
...ಬಲಗಡೆ ಸ್ವಲ್ಪ ಗರಗರ ಅಂತೈತಿ.

ಸುಮ್ನ_ಓದಾಂವ:
😂😂

ಇಳಕಲ್_ಬೆಂಗಳೂರು:
ಮನೆಯಲ್ಲೇ ಟೋ ನೋಡುವ ದಾರಿ ಇಲ್ಲವೇ? ಅಂಗಡಿ ತನಕ ಹೋಗುವಷ್ಟಾದರೂ ಸರಿ ಇರಬೇಕಲ್ಲ.

ಖಾನಾಪುರ_ರೋಡ್:
ಐತಿ. ಎರಡೂ ಮುಂದಿನ ಟಾಯರಿನ ನಟ್ಟನಡು, ಹಿಂದಿನ ಬದಿಗೆ, ಗಾಲಿಯ ನಡುವಿನ ಎತ್ತರಕ್ಕ ಸುಣ್ಣದ ಬಳಪದಿಂದ ಗುರುತು ಹಾಕ್ರಿ. ಎರಡು ಗುರುತಿನ ನಡುವಿನ ಅಂತರ ಟೇಪಿನಿಂದ ಅಳೀರಿ. ಗಾಡಿ ಮುಂದಕ್ಕ ಅರ್ಧಾ ಸುತ್ತು ತಳ್ಳರಿ, ಅದ ಗುರುತು ಈಗ ಮುಂದ ಬರ್ತೈತಿ. ಮತ್ತ ಅಳೀರಿ. ಮುಂದಿನ ಅಂತರ ಸಣ್ಣದಿದ್ರ ಗಾಲಿ ಒಳಗ ಮುಖ ಮಾಡ್ಯಾವು, ದೊಡ್ಡದಿದ್ರ ಹೊರಗ. ಅದ ಗುರುತು ಎರಡೂ ಸಲ ಅಳಿಯೂದ್ರಿಂದ ಗಾಲಿಯ ಡಿಸ್ಕ್ (ರಿಮ್) ಸೊಟ್ಟ ಇದ್ರೂ ಲೆಕ್ಕ ತಪ್ಪೂದಿಲ್ಲ. ಹಿಂದಕ್ಕ ತಳ್ಳಬ್ಯಾಡ್ರಿ, ಯಾವಾಗಲೂ ಮುಂದಕ್ಕ. ಇದು ಅಂಗಡಿ ಮುಟ್ಟಾಕ ಸಾಕು, ಅಂಗಡಿಗೆ ಬದಲಿ ಅಲ್ಲ.

ಕಬ್ಬಿನ_ಟ್ರ್ಯಾಲಿ:
ಟ್ರ್ಯಾಕ್ಟರಿಗೆ ಹಿಂಗ ಮಾಡೂದು. ನಡುವಿನ ಪೈಪಿನ ಒಂದು ತುದಿಗೆ ಉಲ್ಟಾ ಆಟಿ ಇರ್ತೈತಿ, ಪೈಪ್ ತಿರುವಿದ್ರ ಎರಡೂ ಕಡೆ ಒಮ್ಮೆಲೆ ಉದ್ದ ಇಲ್ಲಾ ಗಿಡ್ಡ. ಕಾರಿಗೂ ಹಂಗ ಏನು?

ಪಾನಾ_ಪಕ್ಕಡ್:
ಇಂಥ ರಾಕಿನ ಗಾಡಿಯೊಳಗ ಸಾಮಾನ್ಯವಾಗಿ ಎರಡೂ ಕಡೆ ಸುಲ್ಟಾ ಆಟಿನ. ಎಡದ್ದು ಬ್ಯಾರೆ, ಬಲದ್ದು ಬ್ಯಾರೆ ತಿರುವಬೇಕು.

ನವನಗರ_ಸೆಕ್ಟರ್:
ಸಾಮಾನು ಯಾವುದು ತರಲಿ? ಅಂಗಡ್ಯಾಗ ಮೂರು ನಮೂನಿ ತೋರಿಸಿದ್ರು. ಒಂದು 180, ಡಬ್ಬಿ ಮ್ಯಾಲ ಹೆಸರ ಇಲ್ಲ.

ಪಾನಾ_ಪಕ್ಕಡ್:
ಹೆಸರಿಲ್ಲದ್ದು ಮುಟ್ಟಬ್ಯಾಡ್ರಿ. ಮಾರುತಿ ಜೆನ್ಯುಯಿನ್ ಇಲ್ಲಾ ರಾಣೆ. ರಾಣೆ ಚೆನ್ನೈ ಕಂಪನಿ, ಸ್ಟೇರಿಂಗ್ ಸಾಮಾನ ಮಾಡೂದು ಅವರ ಹಳೇ ಕಸುಬು. ಕೈಯಾಗ ಹಿಡಿದು ಗುಂಡು ತಿರುವಿ ನೋಡ್ರಿ, ಬಿಗಿಯಾಗಿ ಒಂದ ಸಮ ತಿರುಗಬೇಕು. ಸಡ್ಲ ತಿರುಗಿದ್ರ ಇಲ್ಲಾ ನಡುವ ಕಚ್ಚಿದ್ರ ವಾಪಸ್. ಡಬ್ಬ್ಯಾಗ ಹೊಸ ನಟ್, ಪಿನ್ ಇದಾವೇನು ನೋಡ್ರಿ. ಬಲಗಡೆದ್ದೂ ಒಮ್ಮೆ ಅಲಗಾಡಿಸಿ ನೋಡಿ, ಸವದಿದ್ರ ಎರಡೂ ಒಮ್ಮೆ ತರ್ರಿ. ಅಲೈನ್ಮೆಂಟ್ ರೊಕ್ಕಾ ಒಮ್ಮೆ ಕೊಟ್ರ ಸಾಕಾಗತೈತಿ.

ಸುಮ್ನ_ಓದಾಂವ:
ಇನ್ಶೂರೆನ್ಸಿನ್ಯಾಗ ಬರೂದಿಲ್ಲೇನ್ರಿ ಇದು?

ಖಾನಾಪುರ_ರೋಡ್:
ಇಲ್ಲ. ಸವದದ್ದಕ್ಕ ಇನ್ಶೂರೆನ್ಸ್ ಕೊಡೂದಿಲ್ಲ. ಡಿಕ್ಕಿ ಹೊಡದು ಬಾಗಿದ್ರ ಮಾತು ಬ್ಯಾರೆ.

ನವನಗರ_ಸೆಕ್ಟರ್:
ಈಗ ಗಾಡಿ ಕೆಳಗಿಂದನ ಬರಿಯಾತೀನಿ. ವಿದ್ಯಾಗಿರಿ ಗೆಳೆಯಾ ಪುಲ್ಲರ್, ಸ್ಟ್ಯಾಂಡ್ ಎರಡೂ ಕೊಟ್ಟ. ಹಳೇದು ಬಂತು, ಉದ್ಯಮಬಾಗ ಅಣ್ಣಾ ಹೇಳಿದ ಹಂಗ ಪುಲ್ಲರ್ ಬಿಗಿ ಹಿಡಿದು ಬದಿಗೆ ಒಂದು ಏಟು ಹಾಕಿದ್ದಕ್ಕ ಫಟ್ ಅಂತ ಬಿಡ್ತು. ಹೊಸಾದು ತಿರುವಿ ಅಳತಿಗೆ ಕೂಡಿಸಿದೆ. ಈಗ ಕಿರೀಟ ನಟ್ ಬಿಗಿ ಮಾಡಾತೀನಿ, ಸ್ವಲ್ಪ ಬಿಗಿ ಆದ ಮ್ಯಾಲ ಒಳಗಿನ ಸ್ಟಡ್ ನಟ್ ಜೋಡಿನ ತಿರಗಾತೈತಿ! ಮುಂದ ಹೋಗವಲ್ದು. ಏನು ಮಾಡಲಿ? ಲಗೂ ಹೇಳ್ರಿ.

ಉದ್ಯಮಬಾಗ_ಲೇಥ್:
ಟೇಪರ್ ಇನ್ನೂ ಕಚ್ಚಿಲ್ಲ. ಎಂಡಿನ ಗುಂಡಿನ ತಲಿ ಮ್ಯಾಲ ಒತ್ತಡ ಬೇಕು, ಸ್ಟಡ್ ತೂತಿನೊಳಗ ಕೂಡೂ ದಿಕ್ಕಿಗೆ. ಸ್ಟಡ್ ಮ್ಯಾಲಿಂದ ಕೆಳಗ ಇಳದಿದ್ರ ಉದ್ದನ ಪಾರಿ ಹಾಕಿ ಮ್ಯಾಲಿಂದ ಒತ್ತಿ ಹಿಡೀಲಿ ತಮ್ಮ. ಕೆಳಗಿಂದ ಮ್ಯಾಲ ಹೋಗಿದ್ರ ಸಣ್ಣ ಜ್ಯಾಕ್ ಕೆಳಗ ಕೊಟ್ಟು ಹಗುರಕ ಎತ್ತು. ರಬ್ಬರ್ ಟೋಪಿಗೆ ಪಾರಿ ತಾಗಬಾರದು.

ಪಾನಾ_ಪಕ್ಕಡ್:
ಟೇಪರಿಗೆ ಎಣ್ಣಿ ತಾಗಿದ್ರ ಬಿಚ್ಚಿ ಒರಸ್ರಿ ಮೊದಲು. ಜಂಗಿನ ಎಣ್ಣಿ ಸೋರಿರ್ತೈತಿ.

ನವನಗರ_ಸೆಕ್ಟರ್:
ಎಣ್ಣಿನ ಇತ್ತು ರೀ. ಒರಸಿ, ಪಾರಿ ಹಾಕಿ ಒತ್ತಿದ್ವಿ, ಕಚ್ಚಿ ಕುಂತತು. ಪಿನ್ ಹಾಕಿದೆ, ಕಾಲು ಮಡಿಸಿದೆ.

ಖಾನಾಪುರ_ರೋಡ್:
ಲಾಕ್ ನಟ್ ಬಿಗಿ ಮಾಡಿದ್ರೇನು? ಅದ ಮರೀತಾರ ಎಲ್ಲಾರೂ. ಬಿಗಿ ಮಾಡೂವಾಗ ಎಂಡ್ ಇನ್ನೊಂದು ಪಾನಾದಿಂದ ಹಿಡೀರಿ, ಇಲ್ಲಂದ್ರ ಸೊಟ್ಟ ಹೊಳ್ಳತೈತಿ. ಗಾಡಿ ಕೆಳಗ ಇಳಿಸೂಕಿಂತ ಮೊದಲು ಸ್ಟೇರಿಂಗ್ ಪೂರ್ತಿ ಎಡಕ್ಕ, ಪೂರ್ತಿ ಬಲಕ್ಕ ತಿರುವಿ ಬ್ರೇಕ್ ಪೈಪಿಗೆ, ಬೂಟಿಗೆ ಏನೂ ತಾಗೂದಿಲ್ಲ ಅಂತ ನೋಡ್ರಿ.

ಇಳಕಲ್_ಬೆಂಗಳೂರು:
ನನ್ನದರಲ್ಲಿ ಕಾಲಮ್ಮಿನ ಜಾಯಿಂಟೇ ಸಪ್ಪಳ ಮಾಡುತ್ತಿದೆ ಅನಿಸುತ್ತೆ. ಅದನ್ನೂ ಮನೆಯಲ್ಲೇ ಬಿಚ್ಚಬಹುದಾ?

ಖಾನಾಪುರ_ರೋಡ್:
ಅಲ್ಲಿ ನಾನೂ ಕಾಕಾರ ಕಡೆ. ಏರ್‌ಬ್ಯಾಗ್ ಇರೂ ಗಾಡಿ ಇದ್ರ (2019ರ ಜುಲೈದಿಂದ ಹೊಸ ಕಾರಿನ್ಯಾಗ ಡ್ರೈವರಿಗೆ ಕಡ್ಡಾಯ ಆಗೈತಿ) ಸ್ಟೇರಿಂಗ್ ಚಕ್ರದ ಕೆಳಗ ಸುರುಳಿ ವೈರ್ ಇರ್ತೈತಿ. ಜಾಯಿಂಟ್ ಬಿಚ್ಚಿದಾಗ ಚಕ್ರ ಬಿಡುವಾಗಿ ಸುತ್ತಿತಂದ್ರ ಆ ವೈರ್ ಹರೀತೈತಿ, ಏರ್‌ಬ್ಯಾಗ್ ದೀಪ ಹತ್ತತೈತಿ, ಹಾರನ್ ಹೋಗತೈತಿ. ಚಕ್ರ ನೆಟ್ಟಗ ಇಟ್ಟು ಸೀಟ್ ಬೆಲ್ಟಿನಿಂದ ಕಟ್ಟಿ, ಬ್ಯಾಟರಿ ನೆಗೆಟಿವ್ ತಗದು, ಒಂದೆರಡು ನಿಮಿಷ ಬಿಟ್ಟು ಮಾಡೂ ಕೆಲಸ ಅದು. ಕರೆಂಟಿನ ಪವರ್ ಸ್ಟೇರಿಂಗ್ ಇದ್ರ ಅಲ್ಲೇ ಟಾರ್ಕ್ ಸೆನ್ಸರ್ ಬ್ಯಾರೆ. ಹಾತೋಡಿ ಮುಟ್ಟೂ ಜಾಗ ಅಲ್ಲ. ಒಳಗಿನ ರಾಕ್ ಎಂಡಿಗೂ ಬ್ಯಾರೆ ಟೂಲ್ ಬೇಕು. ಹೊರಗಿನ ಎಂಡ್ ಒಂದ ಮನ್ಯಾಗಿಂದು, ಉಳದದ್ದು ಬಲ್ಲವ್ರಿಗೆ ಕೊಡ್ರಿ.

ಗುಮ್ಮಟದ_ಕಾಕಾ:
ನನ್ನ ಕಡೆ ಒಬ್ಬಾಕಿಯಾದ್ರೂ ಬಂದ್ಳಲ್ಲ, ಭೇಷ್. ಆದ್ರೂ ನಾ ಹೇಳೂದು ಅದ. ಬಿಚ್ಚೂದು ಕಲೀರಿ, ತಪಾಸಣಿ ಇನ್ನೊಬ್ಬರ ಕಣ್ಣಿನಿಂದ ಮಾಡಸ್ರಿ. ಡಿಪೋದಾಗ ಒಬ್ಬಾಂವ ಬಿಗಿ ಮಾಡಿದ್ದನ್ನ ಇನ್ನೊಬ್ಬಾಂವ ನೋಡ್ತಿದ್ದ. ತಮ್ಮಾ, ಮೊದಲು ಸಂದ್ಯಾಗ ಸಾವಕಾಶ ಓಡಿಸು. ಹೈವೇಕ್ಕ ಒಮ್ಮೆಲೆ ಹೋಗಬ್ಯಾಡ.

ನವನಗರ_ಸೆಕ್ಟರ್:
ಹೌದ್ರಿ ಕಾಕಾ. ಸೆಕ್ಟರಿನ್ಯಾಗ ಸಾವಕಾಶ ಓಡಿಸಿದೆ, ಟಕ್ ಟಕ್ ನಿಂತೈತಿ. ಅಲ್ಲಿಂದ ಸೀದಾ ಅಲೈನ್ಮೆಂಟಿಗೆ ಹೋದೆ. ಅಳತಿ ನೋಡಿ ಕೂಡಿಸಿದ್ರೂ ಟೋ ಹೊರಗನ ಇತ್ತಂತ, ಅವ್ರು ಸರಿ ಮಾಡಿದ್ರು. ಈಗ ಗಾಡಿ ನೆಟ್ಟಗ ಹೋಗತೈತಿ, ಆದ್ರ ಸ್ಟೇರಿಂಗ್ ಚಕ್ರ ಒಂದೀಟು ಬಲಕ್ಕ ವಾಲಿ ಕುಂತೈತಿ. ಚಕ್ರ ಬಿಚ್ಚಿ ಒಂದು ಹಲ್ಲು ಸರಿಸಿ ಕೂಡಸ್ಲೇನು?

ಅಲೈನ್ಮೆಂಟ್_ಅಂಗಡಿ:
ಚಕ್ರ ಬಿಚ್ಚಬ್ಯಾಡ್ರಿ! ಅವ್ರು ಎಡದ್ದು ಒಂದ ತಿರುವಿ ಟೋ ಕೂಡಿಸ್ಯಾರ. ವಾಪಸ್ ಹೋಗಿ "ಸ್ಟೇರಿಂಗ್ ಕ್ಲ್ಯಾಂಪ್ ಹಾಕಿ, ಎರಡೂ ಕಡೆ ತಿರುವಿ ಸೆಂಟರ್ ಮಾಡ್ರಿ" ಅನ್ರಿ. ಒಂದು ಕಡೆ ಎಷ್ಟು ಉದ್ದ ಮಾಡ್ತಾರೋ ಇನ್ನೊಂದು ಕಡೆ ಅಷ್ಟ ಗಿಡ್ಡ, ಟೋ ಅಲ್ಲೇ ಉಳೀತೈತಿ, ಚಕ್ರ ನೆಟ್ಟಗ ಬರ್ತೈತಿ. ಅದ ಬಿಲ್ಲಿನ ಮ್ಯಾಲ ಮಾಡಿಕೊಡಬೇಕು, ಮತ್ತ ರೊಕ್ಕಾ ಕೇಳಿದ್ರ ಕೊಡಬ್ಯಾಡ್ರಿ.

ಕಬ್ಬಿನ_ಟ್ರ್ಯಾಲಿ:
ಒಟ್ಟ ಎಷ್ಟು ಖರ್ಚಾತು?

ನವನಗರ_ಸೆಕ್ಟರ್:
ಎಂಡ್ 460, ಅಲೈನ್ಮೆಂಟ್ 350, ಜಂಗಿನ ಎಣ್ಣಿ ಡಬ್ಬಿ ಬ್ಯಾರೆ. ಗೆಳೆಯಾಗ ಮಿರ್ಚಿ ಭಜಿ.

ಜಮಖಂಡಿ_ಎಕ್ಸ್‌ಪ್ರೆಸ್:
ಆ ಪುಲ್ಲರ್ ಗೆಳೆಯಾ ಜಮಖಂಡಿ ತನಕ ಕೊಡ್ತಾನೇನ್ರಿ? ಬಲಗಡೆದ್ದು ನೋಡಬೇಕಾಗೈತಿ.